ಅರ್ಧಕ್ಕೆ ನಿಂತ ಸುಣ್ಣದ ಗೆರೆ

ಸುರಪುರ
೨೦ ಜುಲೈ ೨೦೨೫

ಪ್ರೀತಿಯ ಭಾರತಿಗೆ,

ನಿನ್ನ ಅಂಬರೀನಳ ಸಲಾಂ, ನಮಸ್ಕಾರ, ಜೊತೆಗೆ ಸ್ವಲ್ಪ ಬೈಗುಳ.

ಪತ್ರ ತಡವಾಯಿತು, ನಿಜ. ಆದರೆ ಅರ್ಧ ತಪ್ಪು ನಿನ್ನದು. ಇವತ್ತು ಫೋನ್ ಎತ್ತುತ್ತೀಯ, ನಾಳೆ ಎತ್ತುತ್ತೀಯ ಎಂದು ಕಾಯುತ್ತಿರುವಷ್ಟರಲ್ಲಿ ಬೇಸಿಗೆ ಹೋಗಿ ಮಳೆಗಾಲವೇ ಬಂತು. ಇವತ್ತು ರವಿವಾರ. ನಮ್ಮಿಬ್ಬರ ಆಫೀಸಿನಲ್ಲಿ ನಾನೊಬ್ಬಳೇ ಕೂತು, ನಿನ್ನ ಖಾಲಿ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ ಇದನ್ನು ಬರೆಯುತ್ತಿದ್ದೇನೆ.

ಬಲಗೈ ಹೇಗಿದೆ? ದಿನಾ ಎಣ್ಣೆ ತಿಕ್ಕಿಸಿಕೊಳ್ಳುತ್ತೀಯಾ, ಇಲ್ಲಾ ಸುಗಲಮ್ಮಕ್ಕನ ಮೇಲೂ ಸಿಡುಕುತ್ತೀಯಾ? ಲಕ್ವಾ ಹೊಡೆದದ್ದು ಕೈಗೆ, ಬಾಯಿಗಲ್ಲ ಎಂದು ಡಾಕ್ಟರು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಅಕ್ಕನಿಗೆ ತ್ರಾಸು ಕೊಡಬೇಡ. ಕೆಂಭಾವಿಯಲ್ಲಿ ನಿನ್ನನ್ನು ತಡೆದುಕೊಳ್ಳುವವಳು ಅವಳೊಬ್ಬಳೇ.

ಈಗ ವಿಷಯಕ್ಕೆ ಬರುತ್ತೇನೆ. ಗುಡ್ಡದ ಬುಡದ ಉದ್ಯಾನದ ಸುದ್ದಿಯನ್ನು ಬೇರೆಯವರ ಬಾಯಿಂದ ನೀನು ಕೇಳಬಾರದು. ನಿನ್ನ ಬಲಗೈ ಬರೆದ ಕೊನೆಯ ನಕ್ಷೆ ಅದು. ನಡುವೆ ದುಂಡನೆಯ ಕೊಳ, ಸುತ್ತಲೂ ಹುಲ್ಲುಹಾಸು, ಮಲ್ಲಿಗೆ ಬಳ್ಳಿಯ ಕಮಾನು. ಅದರಲ್ಲಿ ಒಂದು ಗೇಣೂ ಬದಲಿಸಬಾರದು ಎಂದು ನಾನು ಹಟ ಹಿಡಿದಿದ್ದೆ. ಲಕ್ವಾ ಹೊಡೆದ ಆ ದಿನ ಗೇಟಿನಿಂದ ಶುರು ಮಾಡಿ ನೀನು ಅರ್ಧಕ್ಕೆ ಬಿಟ್ಟ ಸುಣ್ಣದ ಗೆರೆಯಿತ್ತಲ್ಲ, ಅದರ ಮೇಲೆ ತಾಡಪತ್ರಿ ಹೊದಿಸಿ, ಕಲ್ಲು ಹೇರಿ, ಯಾರೂ ತುಳಿಯದಂತೆ ಕಾಯ್ದೆ. ಕೂಲಿಯವರು ಅಲ್ಲಿ ಏನೋ ದೇವರಿದೆ ಎಂದುಕೊಂಡು ಸುತ್ತು ಹಾಕಿಕೊಂಡು ಹೋಗುತ್ತಿದ್ದರು. ನಾನೂ ಸುಮ್ಮನಿದ್ದೆ.

ಕೊಳ ತೋಡಲು ಹೋದರೆ ಮೊಣಕಾಲುದ್ದಕ್ಕೇ ಜೆಸಿಬಿಯ ಹಲ್ಲು ಕಿರ್ರೆಂದಿತು. ನಮ್ಮ ಗುತ್ತೇದಾರ ಸರದಾರಸಾಬ ಓಡಿ ಬಂದ. "ಮೇಡಂ, ಬಂಡಿಗಲ್ಲ ಹತ್ತೇತಿ ನೋಡ್ರಿ. ನಾಳಿ ಡ್ರಿಲ್ ತರಸ್ತೇನಿ, ಸಂಜಿ ಅನ್ನೂದ್ರಾಗ ಒಡದು ಒಗದ ಬಿಡೋಣು" ಅಂದ. ನಾನು ಹೂಂ ಅಂದೆ. ನಿನ್ನ ನಕ್ಷೆಗಾಗಿ ಅವತ್ತು ಗುಡ್ಡವನ್ನೇ ಒಡೆ ಎಂದಿದ್ದರೂ ಹೂಂ ಅನ್ನುತ್ತಿದ್ದೆ. ಎಷ್ಟು ದೊಡ್ಡದಿದೆ ಎಂದು ಗೊತ್ತಾಗಲಿ, ಮೇಲಿನ ಮಣ್ಣು ತೆಗೆಸು ಎಂದಷ್ಟೇ ಹೇಳಿದೆ.

ಮಣ್ಣು ತೆಗೆದರು. ಬಂಡೆ ಮುಗಿಯಲಿಲ್ಲ. ಇನ್ನಷ್ಟು ತೆಗೆದರು, ಅದು ಬೇವಿನ ಮರದ ಆಚೆಗೂ ಹೋಯಿತು. ಆಮೇಲೆ ಜೆಸಿಬಿ ನಿಲ್ಲಿಸಿ ಸಲಿಕೆ ಹಿಡಿದರು, ಕೊನೆಗೆ ಹೆಣ್ಣುಮಕ್ಕಳು ಕಸಬರಿಗೆ ಹಿಡಿದು ಬಂದರು. ಟ್ಯಾಂಕರ್ ತರಿಸಿ ತೊಳೆಸಿದೆ. ನೀರು ಹರಿದ ಕಡೆಯೆಲ್ಲ ಬಣ್ಣ ಎದ್ದು ಬಂತು. ನಾನು ಬೂದಿ ಬಣ್ಣ ಅಂದುಕೊಂಡಿದ್ದ ಕಲ್ಲು ನಸುಗೆಂಪು, ಭಾರತಿ! ಒಂದು ಬಿರುಕೂ ಇಲ್ಲದ ಹಾಸುಬಂಡೆ, ಈ ಕಡೆ ನಿಂತವರು ಆ ಕಡೆ ನಿಂತವರನ್ನು ಕೂಗಿ ಕರೆಯಬೇಕು ಅಷ್ಟು ಅಗಲ. ನಡುವೆ ಒಂದೇ ಒಂದು ಬಿಳಿಯ ಪಟ್ಟಿ ಓರೆಯಾಗಿ ಹಾಯ್ದು ಗುಡ್ಡದೊಳಗೆ ಹೊಕ್ಕಿದೆ. ಅಲ್ಲಲ್ಲಿ ನುಣ್ಣನೆಯ ಕುಳಿಗಳು. ಯಾರು ಕುಟ್ಟಿದ್ದೋ, ಏನನ್ನು ಕುಟ್ಟಿದ್ದೋ, ಯಾವ ಕಾಲದ್ದೋ. ಒಂದರೊಳಗೆ ಕೈಯಿಟ್ಟೆ, ಮುಷ್ಟಿ ಸರಿಯಾಗಿ ಕೂತಿತು. ದೊಡ್ಡವರು ಮಲಗಿದ್ದಾಗ ಗೊತ್ತಿಲ್ಲದೆ ಜೋರಾಗಿ ಮಾತಾಡಿಬಿಟ್ಟವಳಂತೆ ನನಗೆ ನಾಚಿಕೆಯಾಯಿತು.

ಸರದಾರಸಾಬನ ಕಡೆ ತಿರುಗಿದರೆ ಅವನು ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ. "ಇದೇನಪಾ?" ಎಂದೆ.

"ಗೊತ್ತಿಲ್ರಿ ಮೇಡಂ. ಬೂಟ ಹಾಕ್ಕೊಂಡು ನಿಂದ್ರಾಕ ಮನಸ್ಸ ಬರಲಿಲ್ಲ." ಆಮೇಲೆ, "ಡ್ರಿಲ್ಲಿನಾಂವಗ ಬರಬ್ಯಾಡ ಅಂತ ಹೇಳ್ಲೇನ್ರಿ?" ಎಂದು ಕೇಳಿದ.

ಅಷ್ಟು ಜಗಳಗಂಟ ಮನುಷ್ಯ, ನಿನಗೇ ಗೊತ್ತಲ್ಲ. ಅವನ ದನಿ ಅಷ್ಟು ಮೆತ್ತಗಾದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆದರೆ ನನಗೆ ಹೂಂ ಅನ್ನಲಾಗಲಿಲ್ಲ. ಬಂಡೆ ಉಳಿದರೆ ನಿನ್ನ ಕೊಳ ಹೋಗುತ್ತದೆ, ಹುಲ್ಲುಹಾಸು ಹೋಗುತ್ತದೆ, ಕಮಾನು ಹೋಗುತ್ತದೆ. ನಿನ್ನ ನಕ್ಷೆ ಉಳಿದರೆ ಇದು ಜಲ್ಲಿಯಾಗುತ್ತದೆ. ಅಲ್ಲೇ ನಿಂತು ನಿನಗೆ ಫೋನ್ ಮಾಡಿದೆ. ಸುಗಲಮ್ಮಕ್ಕ ಎತ್ತಿಕೊಂಡು, "ಮಲಗ್ಯಾಳವಾ, ಆಮ್ಯಾಗ ಮಾಡು" ಅಂದಳು. ಆಮೇಲೆ ಮಾಡಿದಾಗಲೂ ನೀನು ಮಲಗಿದ್ದೆ. ಕೊನೆಗೆ ಬಂಡೆಯೇ ಉಳಿಯಲಿ ಎಂದು ನಾನೇ ನಿರ್ಧಾರ ಮಾಡಿದೆ. ನೀನಿದ್ದಿದ್ದರೆ ನೀನೇ ನಕ್ಷೆಯನ್ನು ಅಲ್ಲೇ ಹರಿದು ಹಾಕಿ ಬಂಡೆಯ ಮೇಲೆ ಅಂಗಾತ ಮಲಗುತ್ತಿದ್ದೆ ಎಂದು ನನಗೆ ನಾನೇ ಹೇಳಿಕೊಂಡೆ. ಹೌದೋ ಅಲ್ಲವೋ, ನೀನು ಹೇಳಬೇಕು.

ಕೆಲಸ ಕೊಟ್ಟ ಉದ್ಯಾನ ಸಮಿತಿಯವರು ಮೊದಲು ಮೂಗು ಮುರಿದರು. "ಗಾರ್ಡನ್ ಮಾಡ್ರಿ ಅಂದ್ರ ಕಲ್ಲ ತೋರಸಾಕತ್ತೀರಲ್ರಿ?" ಎಂದು ಕೇಳಿದರು. ನಾನು ವಾದ ಮಾಡಲಿಲ್ಲ, ಸಂಜೆಯ ಬಿಸಿಲಿಗೆ ಅವರನ್ನು ಕರೆದುಕೊಂಡು ಹೋಗಿ ಬಂಡೆಯ ನಡುವೆ ನಿಲ್ಲಿಸಿದೆ. ಒಬ್ಬೊಬ್ಬರಾಗಿ ಬಾಗಿ ಕಲ್ಲು ಮುಟ್ಟಿ ನೋಡಿದರು, ಒಪ್ಪಿಕೊಂಡರು. ಇಷ್ಟು ವರ್ಷ ತೋಟ ಮಾಡುವುದೆಂದರೆ ಏನಾದರೂ ತಂದು ಇಡುವುದು ಎಂದುಕೊಂಡಿದ್ದೆ. ಈ ಸಲ ನನ್ನ ಕೆಲಸ ಮಣ್ಣು ಸರಿಸುವುದಷ್ಟೇ ಆಯಿತು. ಅಂಚಿಗೆ ತಂಗಡಿ, ಕಾರಿ, ಸೀತಾಫಲ ಹಚ್ಚಿದೆ. ಗುಡ್ಡದ ಗಿಡಗಳನ್ನೇ ಗುಡ್ಡದ ಬುಡಕ್ಕೆ ಇಳಿಸಿದ್ದೇನೆ, ಜಂಬಪಡುವಂಥದ್ದೇನೂ ಇಲ್ಲ.

ಮೊದಲ ದೊಡ್ಡ ಮಳೆಯ ದಿನ ಛತ್ರಿ ಹಿಡಿದು ಅಲ್ಲೇ ನಿಂತಿದ್ದೆ. ನೀರು ಎಲ್ಲಿಗೆ ಹೋಗಬೇಕೆಂದು ಯಾರೂ ಹೇಳಿಕೊಡಬೇಕಾಗಲಿಲ್ಲ. ಬಿಳಿಯ ಪಟ್ಟಿಯ ಗುಂಟ ಇಳಿದು, ಕುಳಿಯಿಂದ ಕುಳಿಗೆ ತುಂಬಿ, ಕೆಳಗಿನ ತಗ್ಗಿನಲ್ಲಿ ಹೋಗಿ ನಿಂತಿತು. ನಿನ್ನ ಕೊಳಕ್ಕಿಂತ ದೊಡ್ಡ ಕೊಳ. ದುಂಡಗಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಮರುದಿನ ಮುಂಜಾನೆ ಹೋದರೆ ಉದ್ದ ಕೆಂಪು ಕಾಲಿನ ಎರಡು ಹಕ್ಕಿ ಅದರಲ್ಲಿ ನಿಂತಿದ್ದವು. ಬೋನಾಳ ಕೆರೆಯಿಂದ ಬಂದವೇ ಇರಬೇಕು. ಒಂದು ರಾತ್ರಿಯಲ್ಲಿ ಅವಕ್ಕೆ ಯಾರು ಸುದ್ದಿ ಮುಟ್ಟಿಸಿದರೋ! ನಾನು ಗೇಟಿನ ಹತ್ತಿರವೇ ಕೂತು ಅತ್ತುಬಿಟ್ಟೆ.

ಈಗ ದಿನಾ ಜನ ಬರುತ್ತಾರೆ. ಬೋರ್ಡು ಹಾಕಿಲ್ಲ, ಕಾವಲಿಗೂ ಯಾರಿಲ್ಲ, ಆದರೂ ಎಲ್ಲರೂ ಚಪ್ಪಲಿಯನ್ನು ಅಂಚಿನಲ್ಲಿ ಬಿಟ್ಟೇ ಬಂಡೆ ಹತ್ತುತ್ತಾರೆ. ನಿನ್ನೆ ಒಬ್ಬ ಮುದುಕಿ ಅಂಗೈ ಚಾಚಿ ಕಲ್ಲನ್ನು ಸವರಿ, "ಇಷ್ಟ ದಿನ ಎಲ್ಲಿದ್ದೀ ನಮ್ಮವ್ವಾ?" ಎಂದು ಬಂಡೆಯನ್ನೇ ಕೇಳಿದಳು.

ಒಂದು ಕೆಲಸ ಮಾತ್ರ ಬಾಕಿ ಉಳಿದಿದೆ. ಗೇಟಿನಿಂದ ಬಂಡೆಯವರೆಗಿನ ಕಾಲುದಾರಿ. ನಿನ್ನ ನಕ್ಷೆಯಲ್ಲಿ ಉಳಿದದ್ದು ಆ ಅರ್ಧ ಗೆರೆ ಒಂದೇ. ಮಳೆಗೆ ತೊಳೆದು ಹೋಗದಿರಲಿ ಎಂದು ಅದರ ಗುಂಟ ಸಣ್ಣ ಕಲ್ಲು ಜೋಡಿಸಿಟ್ಟಿದ್ದೇನೆ. ಉಳಿದರ್ಧ ನಾನೇ ಎಳೆಯಲು ಹೋದೆ. ಎತ್ತು ಉಚ್ಚೆ ಹೊಯ್ದಂತೆ ಸೊಟ್ಟಸೊಟ್ಟಾಗಿ ಬಂತು. "ಅಳಿಸಿ ಬಿಡ್ರಿ ಮೇಡಂ, ಭಾರತಿ ಮೇಡಂ ಬರ್ತಾರ" ಎಂದು ಸರದಾರಸಾಬನೇ ಹೇಳಿದ. ಪಂಚಮಿಗೆ ಜನ ಜಾತ್ರೆಯಂತೆ ಬರುತ್ತಾರೆ, ಅಷ್ಟರೊಳಗೆ ದಾರಿ ಆಗಬೇಕು. ಎಡಗೈ ಇದೆಯಲ್ಲ? ಅದು ಹೇಗೆ ಎಳೆಯುತ್ತದೋ ಹಾಗೇ ಕಲ್ಲು ಹಾಸಿಸುತ್ತೇನೆ. ಡೊಂಕಾದರೆ ಡೊಂಕಾಗಿಯೇ ಜನ ನಡೆಯಲಿ.

ಅಕ್ಕನಿಗೆ ನನ್ನ ನಮಸ್ಕಾರ. ಅಮ್ಮಿ ನಿನಗಾಗಿ ದಿನಾ ದುವಾ ಮಾಡುತ್ತಾಳೆ. ನಿನ್ನ ಕೈಗೆ ಬಲ ಬರಲಿ, ಅದಕ್ಕಿಂತ ಮೊದಲು ನಿನ್ನ ಮನಸ್ಸಿಗೆ ಬರಲಿ.

ನಿನ್ನವಳೇ ಆದ
ಅಂಬರೀನ

ತಾ.ಕ.: ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಹೋದ ತಿಂಗಳು ಸಂತೆಯ ದಿನ ನಾನು ಕೆಂಭಾವಿಗೆ ಬಂದಿದ್ದೆ. ಅಕ್ಕ ಬಾಗಿಲಲ್ಲೇ ನಿಂತು "ಮಲಗ್ಯಾಳವಾ" ಅಂದಳು. ಪಾಪ, ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ. ನೀನು ಕಿಟಕಿಯ ಹತ್ತಿರ ಕೂತಿದ್ದೆ. ನನ್ನನ್ನು ನೋಡಿ ಮುಖ ತಿರುಗಿಸಿದೆ.

ಆ ದಿನ ಸೈಟಿನಲ್ಲಿ ಬಿದ್ದೆ ಎಂದು ಎಲ್ಲರಿಗೂ ಹೇಳುತ್ತೀಯಂತೆ. ಭಾರತಿ, ನೀನು ಬೀಳಲಿಲ್ಲ. ಯಾವಾಗಲೂ ನೀನು ಹಿಂದಕ್ಕೆ ನಡೆಯುತ್ತಾ ಗೆರೆ ಎಳೆಯುತ್ತಿದ್ದೆ, ಕಲ್ಲು, ತಗ್ಗು ಎಂದು ಹೇಳಲು ನಾನು ನಿನ್ನ ಬೆನ್ನ ಹಿಂದೆ ಇರುತ್ತಿದ್ದೆ. ಅವತ್ತೂ ಇದ್ದೆ. ನಿನ್ನ ಕೈಯಿಂದ ಸುಣ್ಣದ ಡಬ್ಬಿ ಬಿತ್ತು, ನೀನು ನನ್ನ ತೋಳಿಗೆ ಬಂದೆ. ಗೆರೆ ನಿಂತಿರುವುದು ನಾನು ನಿಂತಿದ್ದ ಕಡೆಯೇ. ನಿನ್ನ ಭಾರ ನನಗೆ ಅವತ್ತೂ ಭಾರವಾಗಲಿಲ್ಲ. ಮುಚ್ಚಿದ ಬಾಗಿಲನ್ನು ಹೊರಲು ಮಾತ್ರ ನನ್ನಿಂದ ಆಗುತ್ತಿಲ್ಲ. ಬಾ, ಹಿಂದಕ್ಕೆ ನಡೆ, ಹಿಂದೆ ನಾನಿದ್ದೇನೆ.