ಗುರುವಾರದ ವಿಚಾರಣೆಗೆ ಮುಂಚೆ

ಮಂಗಳವಾರ, ಏಪ್ರಿಲ್ 23

ನನ್ನ ಬ್ರಿನ್ ಪುಟ್ಟಿಗೆ,

ಮೊದಲು ಕೂತುಕೋ. ಇದು ನಿಂತುಕೊಂಡು ಓದುವ ಕಾಗದ ಅಲ್ಲ. ಒಂದೇ ಮನೆಯಲ್ಲಿದ್ದುಕೊಂಡು ಕಾಗದ ಬರೆಯುತ್ತಾಳಲ್ಲ, ಅಮ್ಮನಿಗೆ ತಲೆ ಕೆಟ್ಟಿದೆ ಅಂದುಕೊಳ್ಳುತ್ತೀಯ. ಕೆಟ್ಟಿದೆ, ನಿಜ. ಭಾನುವಾರದಿಂದ ನಾಲ್ಕು ಸಲ ನಿನ್ನ ಕೋಣೆಯ ಬಾಗಿಲವರೆಗೆ ಬಂದು ವಾಪಸು ಹೋಗಿದ್ದೀನಿ. ನಿನ್ನ ಮುಖ ನೋಡಿದರೆ ಬಾಯಿ ಕಟ್ಟಿಹೋಗುತ್ತೆ. ಅದಕ್ಕೇ ಇದನ್ನು ನಿನ್ನ ಲ್ಯಾಪ್‌ಟಾಪ್ ಮಡಿಕೆಯೊಳಗೆ ಇಟ್ಟು ಕೆಲಸಕ್ಕೆ ಹೊರಟಿದ್ದೀನಿ.

ಭಾನುವಾರ ಊಟದ ಹೊತ್ತಿಗೆ ನೀನು ಕಾಲೇಜಿನ ಪತ್ರ ಓದಿ ಹೇಳಿದೆಯಲ್ಲ. ಹೈಸ್ಕೂಲಿನ ಜೊತೆಗೇ ನೀನು ಆನ್‌ಲೈನಿನಲ್ಲಿ ಓದುತ್ತಿರುವ ಕಾಲೇಜಿನ ಇಂಗ್ಲಿಷ್ ಕೋರ್ಸಿನ ಒಂಬತ್ತನೇ ವಾರದ ಬರಹ ನಿನ್ನದಲ್ಲ ಅಂತ ಅದರ ಪಾಠ ಮಾಡುವ ಡಾಕ್ಟರ್ ಪೆಟ್ರಿಗೆ ಅನುಮಾನ, ಗುರುವಾರ ಹತ್ತು ಗಂಟೆಗೆ ಹೈಸ್ಕೂಲಿನಲ್ಲೇ ಕಂಪ್ಯೂಟರ್ ಮುಂದೆ ಕೂತು ಕಾಲೇಜಿನ ಮೂವರಿಗೆ ಉತ್ತರ ಕೊಡಬೇಕು ಅಂತ. ನೀನು ಮೇಜು ಕುಟ್ಟಿದೆ. ‘ನನ್ನನ್ನ ಕಳ್ಳಿ ಅಂತಿದ್ದಾರಲ್ಲಮ್ಮಾ, ಎಷ್ಟು ಧೈರ್ಯ! ಮುಖಕ್ಕೆ ಹೊಡೆದ ಹಾಗೆ ಹೇಳ್ತೀನಿ ನೋಡು, ಒಂದೊಂದು ಅಕ್ಷರಾನೂ ನಂದೇ’ ಅಂದೆ. ನಾನೇನು ಮಾಡಿದೆ? ಇನ್ನೊಂದು ಸೌಟು ಮ್ಯಾಕರೋನಿ ಬಡಿಸಿ ಪಾತ್ರೆ ತೊಳೆಯಲು ಎದ್ದುಹೋದೆ.

ಆ ಬರಹ ನಿನ್ನದಲ್ಲ, ಮಗಳೇ. ನಾನು ತಿದ್ದಿದ್ದು.

ಮಾರ್ಚಿನಲ್ಲಿ ನಿನಗೆ ನೂರಮೂರು ಜ್ವರ ಬಂದು ಮೂರು ದಿನ ಮೇಲೇಳಲಿಲ್ಲ. ಆ ವಾರದ್ದು ಭಾನುವಾರದೊಳಗೆ ಹೋಗಲೇಬೇಕು, ಒಂದು ತಪ್ಪಿದರೂ ಮಾರ್ಕು ಕುಸಿಯುತ್ತೆ ಅಂತ ಜ್ವರದಲ್ಲೇ ಬಡಬಡಿಸುತ್ತಿದ್ದೆ. ನೀನು ಬರೆದು ಇಟ್ಟದ್ದಿತ್ತು, ನಾನು ಅಲ್ಲಲ್ಲಿ ಸ್ವಲ್ಪ ಸರಿಮಾಡಿ ಕಳಿಸಿದೆ ಅಷ್ಟೇ.

ಥೂ, ಕಾಗದದಲ್ಲೂ ಸುಳ್ಳು ಬರೆಯುತ್ತಿದ್ದೀನಲ್ಲ. ನೀನು ಬರೆದದ್ದು ಮೂರು ಸಾಲು. ಆ ಮೂರನ್ನೂ ಅಳಿಸಿದೆ. ಉಳಿದದ್ದೆಲ್ಲ ನಾನೇ ಬರೆದೆ. ‘ನೀನು ಬರೆದದ್ದನ್ನೇ ಕಳಿಸಿದ್ದೀನಿ, ಮಲಗು’ ಅಂತ ನಿನ್ನ ಹಣೆಯ ಮೇಲೆ ಒದ್ದೆ ಬಟ್ಟೆ ಇಟ್ಟು ಹೇಳಿದವಳೂ ನಾನೇ.

ನಿಮ್ಮೂರಲ್ಲಿ ಯಾರೂ ಗಮನಿಸದ ಒಂದು ಕೆಲಸದ ಬಗ್ಗೆ ಬರೆಯಿರಿ ಅಂತ ಪ್ರಶ್ನೆ ಇತ್ತು. ಹದಿನಾಲ್ಕು ವರ್ಷದಿಂದ ಸಣ್ಣ ಮಕ್ಕಳ ಶಾಲೆಯ ಅಡಿಗೆಮನೆಯಲ್ಲಿ ತಲೆಗೆ ಬಲೆ ಕಟ್ಟಿಕೊಂಡು ಬಡಿಸುತ್ತಿರುವವಳಿಗೆ ಅಂಥ ಪ್ರಶ್ನೆ ಸಿಕ್ಕರೆ ಕೈ ಸುಮ್ಮನಿರುತ್ತಾ? ಶುಕ್ರವಾರ ಕೆಲವು ಮಕ್ಕಳು ಶನಿವಾರ ಭಾನುವಾರಕ್ಕೆ ಅಂತ ಬನ್ನು ಜೇಬಿಗೆ ಇಳಿಸುತ್ತವೆ, ಬಡಿಸುವವರು ಆಗ ಗೋಡೆಯ ಗಡಿಯಾರ ನೋಡುತ್ತಾರೆ ಅಂತ ಬರೆದೆ. ಡಾಕ್ಟರ್ ಪೆಟ್ರಿ ಅಲ್ಲೇ ಹಿಡಿದದ್ದು. ಇದು ತಟ್ಟೆ ಹಿಡಿದು ನಿಂತವರು ಬರೆದ ಹಾಗಿಲ್ಲ, ಬಡಿಸಿದವರು ಬರೆದ ಹಾಗಿದೆ ಅಂತ ಪತ್ರದಲ್ಲೇ ಇತ್ತಲ್ಲ. ಹುಷಾರು ಹೆಂಗಸು. ನನಗೆ ಅವರ ಮೇಲೆ ಸಿಟ್ಟೂ ಇಲ್ಲ.

ಇನ್ನೊಂದು ಹೇಳಿಬಿಡುತ್ತೀನಿ, ಆಮೇಲೆ ಬೈಯುವಂತೆ. ನನಗೆ ಖುಷಿಯಾಯಿತು ಬ್ರಿನ್. ನಿನಗೆ ಸಹಾಯ ಮಾಡಿದೆ ಅಂತಲ್ಲ. ಕೋರ್ಸಿನ ವೆಬ್‌ಸೈಟಿನಲ್ಲಿ ನಿನ್ನ ಕ್ಲಾಸಿನವರು ಅದನ್ನು ಹೊಗಳಿ ಬರೆದದ್ದನ್ನು ದಾಸ್ತಾನು ಕೋಣೆಯಲ್ಲಿ ಹಿಟ್ಟಿನ ಚೀಲದ ಮೇಲೆ ಕೂತು ಫೋನಿನಲ್ಲಿ ಮತ್ತೆ ಮತ್ತೆ ಓದಿದೆ. ನಿನ್ನ ಭವಿಷ್ಯಕ್ಕೆ ಬೆಂಕಿ ಇಡುತ್ತಿದ್ದೀನಿ ಅಂತ ಒಂದು ಸಲವಾದರೂ ಹೊಳೆಯಬೇಡವಾ? ಹೊಳೆಯಲಿಲ್ಲ. ನಾಚಿಕೆಯಾಗುತ್ತೆ.

ನೀನು ಹೈಸ್ಕೂಲಿನಲ್ಲಿ ಇರುವಾಗಲೇ ಕಾಲೇಜಿನ ಎರಡು ವಿಷಯ ಮುಗಿಸಿದವಳು. ಇದೊಂದು ಪಾಸಾದರೆ ಆಗಸ್ಟಿಗೆ ನರ್ಸಿಂಗ್ ಸೀಟು ಕೈಯಲ್ಲಿ. ಇದು ಹೋದರೆ ಅದೂ ಹೋಯಿತು. ಅದರ ಮೇಲೆ ನೀನು ಏನೂ ಗೊತ್ತಿಲ್ಲದೆ ಆ ಮೂವರ ಮುಂದೆ ‘ನಂದೇ’ ಅಂತ ಆಣೆ ಮಾಡಿದರೆ ಸುಳ್ಳಿಯೂ ಆಗುತ್ತೀಯ. ಅದು ನನ್ನಿಂದ ತಡೆದುಕೊಳ್ಳಲು ಆಗುವುದಿಲ್ಲ.

ನಾನೇ ಹೇಳಿ ಮುಗಿಸೋಣ ಅಂತ ನಿನ್ನೆ ಕಾಲೇಜಿಗೆ ಫೋನ್ ಮಾಡಿದೆ. ಆಚೆಯ ಹುಡುಗಿ, ‘ಇಲ್ಲ ಮೇಡಂ, ವಿದ್ಯಾರ್ಥಿನಿ ಬಗ್ಗೆ ನಿಮ್ಮ ಹತ್ರ ಮಾತಾಡೋ ಹಾಗಿಲ್ಲ’ ಅಂದಳು. ನಾನು ಅವಳ ತಾಯಿ ಕಣಮ್ಮ ಅಂದೆ. ‘ಇರಬಹುದು, ಆದ್ರೆ ನಮ್ಮಲ್ಲಿ ಅವರು ಕಾಲೇಜು ವಿದ್ಯಾರ್ಥಿನಿ, ಅವರೇ ಒಪ್ಪಿಗೆ ಬರೆದುಕೊಡದೆ ಒಂದು ಮಾತೂ ಆಡಲ್ಲ’ ಅಂತ. ನನಗೆ ಉರಿದುಹೋಯಿತು. ಅವಳಿಗೆ ಹದಿನೇಳು, ಸ್ಕೂಲಿನವರು ಪ್ರವಾಸಕ್ಕೆ ಕರಕೊಂಡು ಹೋಗೋಕೆ ನನ್ನ ಸಹಿ ಬೇಕು, ಕೆಮ್ಮಿನ ಔಷಧಿ ಕೊಡೋಕೆ ನನ್ನ ಸಹಿ ಬೇಕು, ನಿಮಗೆ ಮಾತ್ರ ನಾನು ಬೀದಿಯವಳಾ ಅಂತ ಕೂಗಾಡಿದೆ. ಪಾಪ, ಅವಳು ನನ್ನ ತಾಳ್ಮೆಗೆ ಧನ್ಯವಾದ ಹೇಳಿ ಫೋನ್ ಇಟ್ಟಳು.

ಈಗ ಉಳಿದದ್ದು ನೀನೊಬ್ಬಳೇ. ಈ ಕಾಗದವನ್ನು ಗುರುವಾರ ಅವರಿಗೆ ಓದಿ ಹೇಳು. ಅಮ್ಮ ಬರೆದದ್ದು, ನನಗೆ ಗೊತ್ತೇ ಇರಲಿಲ್ಲ ಅನ್ನು. ಸತ್ಯ ತಾನೇ ಅದು? ನನ್ನ ಮರ್ಯಾದೆ ಬಗ್ಗೆ ಯೋಚಿಸಬೇಡ. ನನ್ನನ್ನು ಕ್ಷಮಿಸುವುದು ಬಿಡುವುದು ಆಮೇಲೆ ನೋಡೋಣ, ಮೊದಲು ನೀನು ಪಾರಾಗು.

ನಿನ್ನ ಕೆಲಸ ಕೆಡಿಸಿದ ಅಮ್ಮ,
ಟೋನ್ಯಾ


ಗುರುವಾರ, ಏಪ್ರಿಲ್ 25

ಅಮ್ಮಾ,

ನೀನು ಮುಖ ನೋಡಿ ಹೇಳಲಾರದ್ದನ್ನು ಕಾಗದದಲ್ಲಿ ಹೇಳಿದೆ, ನಾನೂ ಹಾಗೇ ಮಾಡುತ್ತಿದ್ದೀನಿ. ಸ್ಕೂಲ್ ಲೈಬ್ರರಿಯಲ್ಲಿ ಕೂತು ಬರೆಯುತ್ತಿದ್ದೀನಿ. ನಿನ್ನ ಗಾಡಿಯ ವೈಪರ್ ಕೆಳಗೆ ಸಿಕ್ಕಿಸಿ ಓಟದ ಪ್ರಾಕ್ಟೀಸಿಗೆ ಹೋಗುತ್ತೀನಿ.

ವಿಚಾರಣೆ ನಲವತ್ತು ನಿಮಿಷ ನಡೆಯಿತು. ನಮ್ಮ ಸ್ಕೂಲಿನಿಂದ ಮಕ್ಕಳಿಗೆ ಸಲಹೆ ಕೊಡುವ ಕೌನ್ಸೆಲರ್ ಮಿಸೆಸ್ ಹೊಲ್ಕಂಬ್ ಪಕ್ಕದಲ್ಲಿ ಕೂತಿದ್ದರು. ನಿನ್ನ ಕಾಗದವನ್ನು ಮೊದಲಿಂದ ಓದಿದೆ. ಹಿಟ್ಟಿನ ಚೀಲದ ಹತ್ತಿರ ಬಂದಾಗ ಕಾಗದವನ್ನು ಮಿಸೆಸ್ ಹೊಲ್ಕಂಬ್ ಕೈಗೆ ಕೊಟ್ಟೆ, ಉಳಿದದ್ದನ್ನು ಅವರು ಓದಿದರು. ಕಾಲೇಜಿನ ಮೂವರೂ ನಿನ್ನನ್ನು ನಂಬಿದರು, ಪೂರ್ತಿ ನಂಬಿದರು. ಫೋನಿನ ಕಥೆ ಕೇಳಿ ಡಾಕ್ಟರ್ ಪೆಟ್ರಿ ನಗು ತಡೆದುಕೊಂಡಿದ್ದು ನನಗೆ ಕಾಣಿಸಿತು.

ಆದರೂ ಕೋರ್ಸಿನಲ್ಲಿ ಫೇಲ್ ಮಾಡಿದರು. ಅದು ಕಾಲೇಜಿನ ದಾಖಲೆಯಲ್ಲಿ ಹಾಗೇ ಇರುತ್ತೆ. ಈ ಆಗಸ್ಟಿಗೆ ನರ್ಸಿಂಗ್ ಇಲ್ಲ. ಬೇಸಿಗೆಯಲ್ಲಿ ಮತ್ತೆ ಅದೇ ಕೋರ್ಸು ತಗೊಳ್ಳುತ್ತೀನಿ, ಮುಂದಿನ ವರ್ಷ ಅರ್ಜಿ ಹಾಕುತ್ತೀನಿ. ದಯವಿಟ್ಟು ಯಾರ ಮೇಲೂ ಹರಿಹಾಯಬೇಡ. ‘ಇಷ್ಟು ಬರೆದುಕೊಟ್ಟರೂ ನನ್ನ ಮಗಳಿಗೆ ಅನ್ಯಾಯ ಮಾಡಿದ್ರಾ’ ಅಂತ ನಾಳೆ ಬೆಳಿಗ್ಗೆ ಕಾಲೇಜಿಗೇ ಗಾಡಿ ಓಡಿಸಿಕೊಂಡು ಹೋಗುವವಳು ನೀನು. ಅನ್ಯಾಯ ಏನೂ ಆಗಿಲ್ಲ.

ಅತ್ತು ಅತ್ತು ಸಾಕಾಗಿದೆ, ಸಂಜೆ ನೀನು ಶುರು ಮಾಡಬೇಡ.

ನಿನ್ನ,
ಬ್ರಿನ್

ಇದನ್ನು ಮರೆತಿರಲಿಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ ಅಷ್ಟೇ: ಕಾಗದ ಮುಗಿದ ಮೇಲೆ ಅವರು ಮೆತ್ತಗಾದರು. ಹಾಗಾದರೆ ಆ ಒಂದು ಬರಹ ನೀನೇ ಮತ್ತೆ ಬರೆದು ಕೊಡು, ವಿಷಯ ಇಲ್ಲಿಗೆ ಬಿಡೋಣ ಅಂದರು. ಜ್ವರ ಬಿಟ್ಟ ದಿನವೇ ನಾನು ಅದನ್ನು ಓದಿದ್ದೆ, ಅಮ್ಮಾ. ಎರಡನೇ ಸಾಲಿಗೇ ನಿನ್ನದು ಅಂತ ತಿಳಿಯಿತು. ನಾನು ಬರೆದಿದ್ದರೆ ಅದರ ಅರ್ಧವೂ ಚೆನ್ನಾಗಿರುತ್ತಿರಲಿಲ್ಲ, ಅದಕ್ಕೇ ಸುಮ್ಮನಿದ್ದೆ. ಭಾನುವಾರ ಮೇಜು ಕುಟ್ಟಿದ್ದು ನೀನು ಬಾಯಿ ಬಿಡದಿರಲಿ ಅಂತ. ಇವತ್ತು ಕೊನೆಗೆ ಡಾಕ್ಟರ್ ಪೆಟ್ರಿ ಒಂದೇ ಒಂದು ಕೇಳಿದರು, ನಿನಗೆ ಇದು ಗೊತ್ತಿರಲಿಲ್ಲ ತಾನೇ ಅಂತ. ಗೊತ್ತಿತ್ತು ಅಂದೆ.