ಬೊಚ್ಚಿಯ ನೆತ್ತಿಯ ಮೇಲೆ ಮಿಂಚುಳ್ಳಿ

ಬೇಕರಿಯ ಹಿಂದಿನ ಕೋಣೆ
ಭಾನುವಾರ, ಜೂನ್ ೧೨, ಸಂಜೆ

ಅಕ್ಕನ ಮನೆಯ ನಡುಮನೆಯಲ್ಲಿ ನೆರೆದಿರುವ ಮಹಾಜನರೇ! ಭಾವನವರೇ, ಸೊಸೆಯಂದಿರೇ, ಕಾಗದ ಕಿತ್ತುಕೊಳ್ಳಲು ಕಾದು ನಿಂತ ಮೊಮ್ಮಕ್ಕಳೇ! ನನ್ನ ಪತ್ರವನ್ನು ಅಕ್ಕ ಗಟ್ಟಿಯಾಗಿ ಓದುತ್ತಾಳೆಂದು ಬಲ್ಲೆ. ಅದಕ್ಕೇ ಎಲ್ಲರಿಗೂ ಒಟ್ಟಿಗೇ ಕೈಮುಗಿದೆ. ಸದ್ದು ನಿಲ್ಲಲಿ, ಪರದೆ ಏಳಲಿ!

ಪ್ರೀತಿಯ ಅಕ್ಕಾ, ಹೊಸ ಹಲ್ಲಿನ ಸೆಟ್ಟು ಹೊಂದಿಕೊಂಡಿತೇ? ಒಸಡಿನ ನೋವು ಇಳಿಯಿತೇ? ಅಮ್ಮ ದಿನವೂ ಕೇಳುತ್ತಾಳೆ, ಕೇಳಿ ತಾನೇ ನಗುತ್ತಾಳೆ: "ಹುಟ್ದಾಗ್ಲೂ ಬೊಚ್ಚುಬಾಯಿ, ಈಗ್ಲೂ ಬೊಚ್ಚುಬಾಯಿ!" ಅವಳ ಕಾಲಿನ ಊತ ಕಡಿಮೆಯಾಗಿದೆ. ನನಗೆ ಕಾಯಿಲೆಯೇನಿಲ್ಲ, ಕೂತಲ್ಲಿ ಕೂರಲಾಗುತ್ತಿಲ್ಲ ಅಷ್ಟೆ. ಇಷ್ಟು ಬರೆಯುವುದರೊಳಗೆ ಎದ್ದು ಹೋಗಿ ಹೋಗಿ ಭಟ್ಟಿಯ ಬಾಗಿಲು ತೆಗೆದು ನೋಡಿ ಬಂದೆ. ಒಳಗೆ ಬೂದಿ ಬಿಟ್ಟರೆ ಏನೂ ಇಲ್ಲ.

ನಮ್ಮ ಪ್ರಾಂತ್ಯಕ್ಕೆ ಅಧಿಕೃತ ಹಕ್ಕಿ ಇದೆ, ಮರ ಇದೆ, ಹೂ ಇದೆ. ಈಗ ಅಧಿಕೃತ ತಿನಿಸೂ ಬೇಕಂತೆ. ಸಮಿತಿಯವರು ಊರೂರು ತಿರುಗಿ, ಸಿಕ್ಕಿದ್ದೆಲ್ಲ ತಿಂದು, ಕಡೆಗೆ ಆರಿಸಿದ್ದು ಯಾವುದನ್ನು? ಅಮ್ಮನ ಬನ್ನನ್ನು! ಕೈಗೂಸಾಗಿದ್ದ ನಿನ್ನ ಹಲ್ಲಿಲ್ಲದ ನಗು ನೋಡಿ ಅವಳು ಹೆಸರಿಟ್ಟಳಲ್ಲ, ಅದೇ ಬೊಚ್ಚಿಯನ್ನು! "ಬೊಚ್ಚಿ ಒಂದು ಡಜನ್" ಎಂದು ರೇಗಿಸಿದವರನ್ನು ನೀನು ಶಾಲೆಯ ಗೇಟಿನಿಂದ ಮನೆಯವರೆಗೆ ಅಟ್ಟಾಡಿಸಿದ ಆ ಹೆಸರು ಇನ್ನು ಸರ್ಕಾರದ ಫಲಕದ ಮೇಲೆ. ಸುದ್ದಿ ಬಂದಾಗ ನಾನು ಹಾಕಿದ ಕೂಗಿಗೆ ಎದುರಂಗಡಿಯ ದರ್ಜಿ ಓಡಿಬಂದ: "ಏನಣ್ಣಾ, ನಿಮ್ ಖುಷಿಗೆ ಗಿರಾಕಿ ಪ್ಯಾಂಟಿಗೆ ಮೂರನೇ ಕಾಲು ಹೊಲಿದುಬಿಡ್ತಿದ್ದೆ!" ಘೋಷಣೆಯ ದಿನ ವೇದಿಕೆಯ ಮೇಲೆ ಮಾತಾಡುವವನು ನಾನು, ಅಕ್ಕಾ. ಭಾಷಣ ಬಾಯಿಪಾಠವಾಗಿದೆ. ನಾಟಕದಲ್ಲಿ ಈಟಿ ಹಿಡಿದು ಬಾಗಿಲಲ್ಲಿ ನಿಂತೇ ಮುಗಿದುಹೋದವನಿಗೆ ಇಂಥ ಪಾತ್ರ ಇನ್ನೆಲ್ಲಿ ಸಿಗಬೇಕು?

ಆದರೆ ಮೊನ್ನೆ ಸಮಿತಿಯ ಅಧಿಕಾರಿ ಒಂದು ಅಚ್ಚು ತಂದ. ಬನ್ನಿನ ನೆತ್ತಿಯ ಮೇಲೆ ನಮ್ಮ ಅಧಿಕೃತ ಹಕ್ಕಿ ಮಿಂಚುಳ್ಳಿಯನ್ನು ಒತ್ತಬೇಕು, ಎಲ್ಲವೂ ಒಂದೇ ಥರ ಕಾಣಬೇಕು. ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ ಹಕ್ಕಿಯಿಲ್ಲದ ಬನ್ನನ್ನು ಬೊಚ್ಚಿ ಎಂದು ಯಾರೂ ಮಾರುವಂತಿಲ್ಲ, ನಾವೂ ಸೇರಿ. ಅಮ್ಮನ ಪದ್ಧತಿ ನಿನಗೆ ಗೊತ್ತಲ್ಲ, ಹಿಟ್ಟಿನ ನೆತ್ತಿ ಸೀಳಲು ಬ್ಲೇಡು ತಾಗಿಸದವಳು. "ಎಲ್ಲಿ ನಗ್ಬೇಕು ಅಂತ ಅದಕ್ಕೇ ಗೊತ್ತು" ಎನ್ನುತ್ತಾಳೆ. ಭಟ್ಟಿಯ ಬಿಸಿಗೆ ತಾನಾಗಿ ಬಾಯಿ ಬಿಡುತ್ತದೆ, ಒಂದರ ಹಾಗೆ ಇನ್ನೊಂದಿಲ್ಲ. ಗಿರಾಕಿಗಳು ತಮಗೆ ಬೇಕಾದ ನಗುವನ್ನು ಬೆರಳು ಮಾಡಿ ತೋರಿಸಿ ಕೊಳ್ಳುತ್ತಾರೆ. ಅಚ್ಚು ಒತ್ತಿ ಬೇಯಿಸಿದೆವು. ಮಿಂಚುಳ್ಳಿ ಉಬ್ಬಿ ಬಾತುಕೋಳಿಯಾಯಿತು, ಬನ್ನು ಪಕ್ಕೆಯಲ್ಲಿ ಬಿರಿಯಿತು. "ಈಸ್ಟ್ ಕಮ್ಮಿ ಮಾಡಿ ಸಾರ್, ಹಕ್ಕಿ ನೀಟಾಗಿ ಕೂರತ್ತೆ" ಎಂದ ಅಧಿಕಾರಿ. ಮಾಡಿದೆವು. ಕೂತಿತು. ಆಹಾ, ಎಂಥ ಹಕ್ಕಿ! ಅಮ್ಮ ಒಂದು ಚೂರು ಮುರಿದು ಅಗಿದಳು, ಅಗಿಯುತ್ತಲೇ ಇದ್ದಳು. ಆಮೇಲೆ, "ಒಪ್ಕೊಳೋ, ನಿಂಗೆ ಆಸೆ ಇದೆ" ಎಂದು ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದಳು. ಅಂದಿನಿಂದ ಹಿಟ್ಟು ಮುಟ್ಟಿಲ್ಲ. ಬೈದಿದ್ದರೆ ನಾನೂ ಎದುರು ಡೈಲಾಗು ಹೊಡೆದು ಹಗುರಾಗುತ್ತಿದ್ದೆ!

ಭಾವನವರಿಗೆ ನಮಸ್ಕಾರ, ಮಕ್ಕಳಿಗೆಲ್ಲ ಆಶೀರ್ವಾದ. ಗಟ್ಟಿ ಪದಾರ್ಥ ಕಡಿಯಬೇಡ.

ನಿನ್ನ ತಮ್ಮ,
ತಮಟೆ

ಮರೆತ ಮಾತು: ಇದನ್ನು ಮೆಲ್ಲಗೆ ಓದಿಕೋ. ಲಕೋಟೆ ಅಂಟಿಸಲು ಅನ್ನದ ಅಗುಳು ಬೇಕೆಂದು ಈಗ ಒಳಗೆ ಹೋಗಿದ್ದೆ. ಅಮ್ಮ ಆ ಹಕ್ಕಿ ಬನ್ನನ್ನು ಮಡಿಲಲ್ಲಿಟ್ಟುಕೊಂಡು ಉಗುರಿನಿಂದ ಕೀಳುತ್ತಾ ಅದಕ್ಕೊಂದು ಬಾಯಿ ಮಾಡಲು ನೋಡುತ್ತಿದ್ದಳು. ಆ ಒಪ್ಪಂದಕ್ಕೆ ಸಹಿ ಹಾಕಿಸಿಕೊಳ್ಳಲು ಅಧಿಕಾರಿ ಬರುವುದು ನಾಳೆ. ಬೆಳಿಗ್ಗೆ ಬೇಗ ಭಟ್ಟಿ ಹೊತ್ತಿಸಿ ಅಮ್ಮನನ್ನು ಹಿಟ್ಟಿನ ಮುಂದೆ ಕೂರಿಸುತ್ತೇನೆ. ಅವನು ಬಂದಾಗ ಬಿಸಿ ಬೊಚ್ಚಿಯೊಂದನ್ನು ಕೈಗಿಟ್ಟು, ಅಚ್ಚನ್ನು ವಾಪಸು ಕೊಟ್ಟು, ಭಾಷಣವಿಲ್ಲದೆ, ಪಕ್ಕದಲ್ಲಿರುವ ಅಮ್ಮನಿಗೆ ಕೇಳುವಷ್ಟೇ ದನಿಯಲ್ಲಿ, "ಬೇಡ" ಎನ್ನುತ್ತೇನೆ.