ಕಟ್ಟೆಗೆ ಸಮನಾದ ಗಾಡಿ

ಇಳಕಲ್ಲ, ಭಾನುವಾರ, 16 ನವೆಂಬರ್

ಲ್ಯಾಂಡ್ ರೋವರ್‌ಗೆ ದೊಡ್ಡ ಟೈರ್ ಹಾಕಿಸಿ, ಸಸ್ಪೆನ್ಶನ್ ಎತ್ತರಿಸಿ ಮನೆಗೆ ತಂದರೆ ಹೆಂಡತಿ ನೇತ್ರಾ ಬಾಗಿಲಲ್ಲೇ ಸಿಡುಕಿದಳು: “ಅತ್ತಿ ಮೊಣಕಾಲ ನೋವ ನೆನಪಿರಲಿಲ್ಲೇನ್ರಿ? ಹೆಂಗ ಹತ್ತಬೇಕ ಅವರು?”

ಹೌದಲ್ಲ! ಮುಖ ಸಪ್ಪಗಾಯಿತು. ಗಾಡಿಯನ್ನು ಮನೆ ಮುಂದಿನ ಕಟ್ಟೆಗೆ ತಾಗಿಸಿ ನಿಲ್ಲಿಸಿದೆ. ಮೊದಲು ಕಟ್ಟೆಗೆ ಬಡಿಯುತ್ತಿದ್ದ ಗಾಡಿಯ ಬಾಗಿಲು ಈಗ ಅದರ ಮೇಲೇ ತೆರೆಯಿತು. ಕಟ್ಟೆಯ ಮೇಲೆ ಕೂತಿದ್ದ ಅವ್ವ ಎದ್ದು, ಸೆರಗು ಸಿಕ್ಕಿಸಿಕೊಂಡು, ಪಡಸಾಲೆಗೆ ಹೋದಂತೆ ನೇರ ಒಳಗೆ ಹೋಗಿ ಕೂತಳು! ನೇತ್ರಾ ಬಿದ್ದು ಬಿದ್ದು ನಕ್ಕಳು.

ಒಂದು ಸುತ್ತು ಹೊರಟೆವು. ಹುನಗುಂದದಲ್ಲಿ ಮನೆಯತ್ತ ಗಾಡಿ ತಿರುಗಿಸಹೋದರೆ ಅವ್ವ ಭುಜ ತಟ್ಟಿದಳು. “ಕೂಡಲಸಂಗಮ ಆ ಕಡಿ ಐತಲ್ಲೋ?”

“ಅಲ್ಲಿ ನಮ್ಮ ಕಟ್ಟಿ ಇಲ್ಲವ್ವಾ, ಹೆಂಗ ಇಳೀತಿ?”

“ಯಾಂವ ಇಳೀತಾನ? ಇಷ್ಟ ಎತ್ತರ ಕುಂತೇನಿ, ಕುಂತಲ್ಲಿಂದನ ಗುಡಿ ಶಿಖರ ಕಾಣತೈತಿ, ನಡಿ.”

ಹೋದೆವು. ಇಳಿಯಲೇ ಇಲ್ಲ ಆಕೆ. ಈಗ ಬಾಗಲಕೋಟೆಯ ನನ್ನ ತಂಗಿಗೆ ಅವ್ವನ ಫೋನು: “ನಿಮ್ಮ ಮನಿ ಕಟ್ಟಿ ಎಷ್ಟ ಎತ್ತರ ಐತೇ?”